ಬೆಳೆ ಪರಿಹಾರ: ನಮಗೆ 2,580, ಪಕ್ಕದ ತೋಟಕ್ಕೆ 18 ಸಾವಿರ. ಏನಿದು ಲೆಕ್ಕ?

ತೋಟದ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಮಗಳೂರು ಜಿಲ್ಲೆ, ಮಲೆನಾಡು ಕಡೆ. ಕಾಫಿ 2 ಎಕರೆ 10 ಗುಂಟೆ, ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಹಳ್ಳದ ಪಕ್ಕ 30 ಗುಂಟೆ ಗದ್ದೆ. 2025ರ ಮಳೆ ಹೇಗಿತ್ತು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ, ಮೇ ತಿಂಗಳಲ್ಲೇ ಹಿಡಿದುಕೊಂಡಿದ್ದು ಬಿಡುವೇ ಕೊಡಲಿಲ್ಲ. ರೋಬಸ್ಟಾ ಕಾಯಿ ಹಸಿರು ಹಸಿರಾಗೇ ಗಿಡದ ಬುಡಕ್ಕೆ ಉದುರಿತು. ಗೊಂಚಲು ಹಿಡಿದು ನೋಡಿದರೆ ತೊಟ್ಟು ಕಪ್ಪಾಗಿರುತ್ತಿತ್ತು, ಕೈ ತಾಗಿದರೆ ಸಾಕು, ಇನ್ನೆರಡು ಕಾಯಿ ಕಳಚಿ ಬೀಳುತ್ತಿದ್ದವು. ಗದ್ದೆಗೆ ಹಳ್ಳದ ನೀರು ನುಗ್ಗಿ ನಾಟಿ ಮಾಡಿದ್ದರಲ್ಲಿ ಅರ್ಧ ಕೊಚ್ಚಿಕೊಂಡು ಹೋಯಿತು. ಒಂದು ಮೂಲೆಯಲ್ಲಿ ಮರಳು ಹಾಗೇ ನಿಂತಿದೆ.

ಸರ್ವೆಗೆ ಬಂದವರು ಫೋಟೋ ಹೊಡೆದುಕೊಂಡು ಹೋದರು. ಈಗ ಅಪ್ಪನ ಖಾತೆಗೆ 2,580 ರೂಪಾಯಿ ಬಂದಿದೆ. ಪಕ್ಕದ ತೋಟದವರಿಗೆ ಎರಡು ಎಕರೆಗೆ 18 ಸಾವಿರ ಚಿಲ್ಲರೆ ಬಂದಿದೆಯಂತೆ. ಅದೇ ಮಳೆ, ಅದೇ ಗುಡ್ಡ, ಮಧ್ಯೆ ಒಂದು ಬೇಲಿ ಅಷ್ಟೆ. ಅಪ್ಪ "ಅವರಿಗೆ ಯಾರೋ ಗೊತ್ತಿದ್ದಾರೆ ಬಿಡು" ಅಂತ ಸುಮ್ಮನಾಗಿದ್ದಾರೆ. ಕಚೇರಿಯಲ್ಲಿ ಕೇಳಿದರೆ "ಸಿಸ್ಟಮ್ಮಲ್ಲಿ ಏನು ಬಂದಿದೆಯೋ ಅದೇ" ಅಂದರು. ಆ ಸಿಸ್ಟಮ್ಮು ಯಾವ ಲೆಕ್ಕದಲ್ಲಿ 2,580 ಕೊಡುತ್ತೆ? ಗೊತ್ತಿದ್ದವರು ಹೇಳಿ.

ಅರಸೀಕೆರೆ ತೆಂಗು

ಬಂತಲ್ಲ ಅಂತ ಖುಷಿ ಪಡಿ ಗುರು. 2023ರ ಬರದಲ್ಲಿ ನಮ್ಮ ಕಡೆ ರಾಗಿ ಮೊಣಕಾಲುದ್ದ ಬಂದು ತೆನೆ ಕಟ್ಟದೆ ಒಣಗಿತು. ರಾಜ್ಯದಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತು. ಮೊದಲ ಕಂತು ಅಂತ 2,000ದವರೆಗೆ ಕೊಟ್ಟರು, ಬಾಕಿ ಹಣಕ್ಕೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಕೇಳಿದ್ದು 18,171 ಕೋಟಿ, 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ ಬಂದಿದ್ದು 3,454 ಕೋಟಿ.

ಅದರಲ್ಲಿ ನನಗೆ ಸೊನ್ನೆ. ನಮ್ಮದು ತೆಂಗಿನ ಸಾಲಿನ ಮಧ್ಯೆ ರಾಗಿ. ಬೆಳೆ ಸಮೀಕ್ಷೆಯಲ್ಲಿ ಬರೀ "ತೆಂಗು" ಅಂತ ಹತ್ತಿಸಿದ್ದಾರೆ, ರಾಗಿ ಹೆಸರೇ ಇಲ್ಲ. ಒಣಗಿದ್ದು ರಾಗಿ, ದಾಖಲೆಯಲ್ಲಿರೋದು ತೆಂಗು. ನಿಮ್ಮದೂ ಇಂಥದ್ದೇ ಏನೋ ಇರಬೇಕು, ಯಾರೋ ಗೊತ್ತಿರೋರ ಕಥೆ ಅಲ್ಲ ಅನಿಸುತ್ತೆ.

ಹಳೇ ವಿಎ

ನಾನು ಹಾಸನ ಜಿಲ್ಲೆಯಲ್ಲಿ ಗ್ರಾಮ ಲೆಕ್ಕಿಗನಾಗಿದ್ದು ನಿವೃತ್ತನಾದವನು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತಾರೆ, ಜನ ಮಾತ್ರ ಇನ್ನೂ ವಿಎ ಅಂತಲೇ ಕರೆಯುತ್ತಾರೆ.

ನಿಮ್ಮ ಮೊತ್ತದಲ್ಲೇ ಉತ್ತರ ಇದೆ. ಎಸ್‌ಡಿಆರ್‌ಎಫ್, ಅಂದರೆ ರಾಜ್ಯ ವಿಪತ್ತು ಪರಿಹಾರ ನಿಧಿಯ 2025ರ ನಿಯಮದ ಪ್ರಕಾರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ ಅಂದರೆ ಕಾಫಿ, ಅಡಿಕೆ, ತೆಂಗು, ಮೆಣಸಿಗೆ 22,500. ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರ್, ಸುಮಾರು 5 ಎಕರೆ ಅಂತಿಟ್ಟುಕೊಳ್ಳಿ. ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹೋಗಿರಬೇಕು, ಶೇ 30 ಹೋಗಿದೆ ಅಂತ ಬರೆದರೆ ಒಂದು ಪೈಸೆಯೂ ಇಲ್ಲ.

30 ಗುಂಟೆ ಅಂದರೆ ಮುಕ್ಕಾಲು ಎಕರೆ, 0.3035 ಹೆಕ್ಟೇರ್. ಅದನ್ನು 8,500ರಿಂದ ಗುಣಿಸಿ. 2,580 ಬರುತ್ತೆ ನೋಡಿ. ಅಂದರೆ ನಿಮಗೆ ಬಂದಿದ್ದು ಗದ್ದೆಯ ಹಣ ಮಾತ್ರ, ಅದೂ ಮಳೆಯಾಶ್ರಿತ ಭತ್ತ ಅಂತ. ಕಾಫಿ ಲೆಕ್ಕಕ್ಕೇ ಬಂದಿಲ್ಲ. ಬಂದಿದ್ದರೆ 2 ಎಕರೆ 10 ಗುಂಟೆಗೆ 20,487 ಆಗಬೇಕಿತ್ತು. ಪಕ್ಕದವರ 18 ಸಾವಿರವೂ ಸರಿಯಾಗೇ ಇದೆ, 2 ಎಕರೆ ಕಾಫಿಗೆ 18,211. ಅವರಿಗೆ ಯಾರ ಶಿಫಾರಸೂ ಬೇಕಾಗಿಲ್ಲ.

ಈಗ ನೀವು ಹುಡುಕಬೇಕಾದ್ದು ಕಾಫಿ ಸರ್ವೆ ನಂಬರ್ ಎಲ್ಲಿ ತಪ್ಪಿಸಿಕೊಂಡಿದೆ ಅಂತ. ಮೂರು ಕಡೆ ನೋಡಿ. ಪಹಣಿ ಯಾರ ಹೆಸರಲ್ಲಿದೆ. ಆ ನಂಬರ್ ಅಪ್ಪನ ಎಫ್‌ಐಡಿಗೆ, ಅಂದರೆ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಕೊಡುವ ನೋಂದಣಿ ಸಂಖ್ಯೆಗೆ, ಸೇರಿದೆಯಾ. ಬೆಳೆ ಸಮೀಕ್ಷೆಯಲ್ಲಿ ಏನು ಬೆಳೆ ಬರೆದಿದ್ದಾರೆ. ಕೊನೆಯದನ್ನು ಬೆಳೆ ದರ್ಶಕ ಆ್ಯಪ್‌ನಲ್ಲಿ ಮನೆಯಲ್ಲೇ ಕೂತು ನೋಡಬಹುದು, ಫೋಟೋ ಸಮೇತ ಬರುತ್ತೆ.

ಇನ್ನೊಂದು. 2025ರ ಸೆಪ್ಟೆಂಬರ್ ಕೊನೆಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ 8,500 ಹೆಚ್ಚುವರಿ ಕೊಡುತ್ತೇವೆ ಅಂತ ಹೇಳಿತು. ಆ ಲೆಕ್ಕದಲ್ಲಿ ಮಳೆಯಾಶ್ರಿತಕ್ಕೆ 17,000, ನೀರಾವರಿಗೆ 25,500, ಬಹುವಾರ್ಷಿಕಕ್ಕೆ 31,000. ಅದು ನಿಮ್ಮ ಗದ್ದೆಗೂ ಅನ್ವಯವಾದರೆ ಇನ್ನೊಂದು 2,580 ಸೇರಬೇಕು. ತಾಲ್ಲೂಕು ಕಚೇರಿಯಲ್ಲಿ ಕೇಳಿ ನೋಡಿ.

ತೋಟದ ಹುಡುಗ

ಸಾರ್, ತುಂಬಾ ಥ್ಯಾಂಕ್ಸ್. ಇಷ್ಟು ಸುಲಭದ ಗುಣಾಕಾರ ಅಂತ ಕಚೇರಿಯಲ್ಲಿ ಒಬ್ಬರೂ ಹೇಳಲಿಲ್ಲ.

ನೋಡಿದೆ. ಕಾಫಿ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಜ್ಜ ತೀರಿಕೊಂಡು ವರ್ಷಗಳಾದವು, ಅಪ್ಪ ಮತ್ತು ಚಿಕ್ಕಪ್ಪ ಬಾಯಿಮಾತಲ್ಲಿ ಪಾಲು ಮಾಡಿಕೊಂಡಿದ್ದಾರೆ. ಗದ್ದೆ ಮಾತ್ರ ಅಪ್ಪನ ಹೆಸರಿಗೆ ಮೊದಲೇ ಆಗಿತ್ತು. ಎಫ್‌ಐಡಿಯಲ್ಲಿ ಗದ್ದೆ ನಂಬರ್ ಒಂದೇ ಇದೆ.

ಬೆಳೆ ದರ್ಶಕದಲ್ಲಿ ಇನ್ನೊಂದು ತಮಾಷೆ. ಕಾಫಿ ನಂಬರಿಗೆ ಹಾಕಿರುವ ಫೋಟೋದಲ್ಲಿ ನಮ್ಮ ಗೇಟು, ಗೇಟಿನ ಮೇಲೆ ಒಣಗಲು ಹಾಕಿದ ಗೋಣಿಚೀಲ, ಹಿಂದೆ ನಾಲ್ಕು ಸಿಲ್ವರ್ ಓಕ್ ಮರ. ಕಾಫಿ ಗಿಡ ಒಂದೂ ಕಾಣಲ್ಲ. ರಸ್ತೆಯಲ್ಲೇ ನಿಂತು ಹೊಡೆದಿದ್ದಾರೆ. ಬೆಳೆ ಮಾತ್ರ ಕಾಫಿ ಅಂತಲೇ ಬರೆದಿದ್ದಾರೆ, ಪುಣ್ಯ. ಮೆಣಸು ಬರೆದಿಲ್ಲ.

ಬೇಲೂರು ಕಡೆಯವ

ನಾನು ಗ್ರಾಮ ಒನ್ ಕೇಂದ್ರದಲ್ಲಿ ಕೂರುತ್ತೇನೆ, ಪರಿಹಾರದ ಸೀಸನ್ ಬಂದರೆ ಇದೇ ಕೆಲಸ. ಫೋಟೋ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ರೈತರು ತಾವೇ ಸಮೀಕ್ಷೆ ಆ್ಯಪ್‌ನಲ್ಲಿ ಹಾಕದಿದ್ದರೆ ಪಿಆರ್ ಹುಡುಗರು, ಅಂದರೆ ಸಮೀಕ್ಷೆಗೆ ನೇಮಿಸಿಕೊಂಡ ಊರಿನ ಖಾಸಗಿ ಹುಡುಗರು, ಬಂದು ಮಾಡುತ್ತಾರೆ. ಅವರಿಗೆ ಪ್ಲಾಟಿಗೆ ಇಂತಿಷ್ಟು ಅಂತ ಸಿಗೋದು. ಜಿಗಣೆ ಮಧ್ಯೆ ಎರಡೆಕರೆ ಒಳಗೆ ಇಳಿದು ಯಾವ ಮರಕ್ಕೆ ಎಷ್ಟು ಮೆಣಸು ಹಬ್ಬಿದೆ ಅಂತ ನೋಡೋಕೆ ಯಾರಿಗೆ ಪುರುಸೊತ್ತಿದೆ ಹೇಳಿ. ಮುಂದಿನ ಸಲ ನೀವೇ ಹಾಕಿ. ಮಿಶ್ರಬೆಳೆ ಅಂತ ಆಯ್ಕೆ ಇದೆ, ಕಾಫಿ ಎಷ್ಟು, ಮೆಣಸು ಎಷ್ಟು, ಅಡಿಕೆ ಎಷ್ಟು ಅಂತ ಬಿಡಿಸಿ ಬರೆಯಿರಿ. ಸಿಗ್ನಲ್ ಇಲ್ಲದ ಜಾಗದಲ್ಲೂ ಫೋಟೋ ಹೊಡೆದಿಟ್ಟು ಮನೆಗೆ ಬಂದು ಅಪ್‌ಲೋಡ್ ಮಾಡಬಹುದು.

ಹಣ ಮಂಜೂರಾಗಿದೆಯಾ ಇಲ್ಲವಾ ಅಂತ ಕಂದಾಯ ಇಲಾಖೆಯ ಪರಿಹಾರ ಪೋರ್ಟಲ್‌ನಲ್ಲಿ ಗೊತ್ತಾಗುತ್ತೆ. ವರ್ಷ, ಹಂಗಾಮು, ಬರವೋ ಪ್ರವಾಹವೋ ಅಂತ ಆರಿಸಿ, ಆಧಾರ್ ನಂಬರ್ ಅಥವಾ ಎಫ್‌ಐಡಿ ಅಥವಾ ಸರ್ವೆ ನಂಬರ್ ಹಾಕಿ. ಜಾಸ್ತಿ ಜನ ಅತಿವೃಷ್ಟಿ ಹಣವನ್ನು ಬರದ ಪಟ್ಟಿಯಲ್ಲಿ ಹುಡುಕಿ "ಇಲ್ಲ" ಅಂತ ಅಳುತ್ತಾ ಬರುತ್ತಾರೆ.

ಮಂಜೂರಾಗಿ ಖಾತೆಗೆ ಬರದೇ ಇರೋ ಕೇಸು ಬೇರೆ. ಈ ಹಣ ನೀವು ಕೊಟ್ಟ ಪಾಸ್‌ಬುಕ್ ನಂಬರಿಗೆ ಹೋಗೋದಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತೆ. ಒಬ್ಬ ಯಜಮಾನರು ಸೊಸೈಟಿ ಖಾತೆ ಹಿಡಿದುಕೊಂಡು ಓಡಾಡಿದ್ದೇ ಓಡಾಡಿದ್ದು. ಕೊನೆಗೆ ನೋಡಿದರೆ ಹಣ ಅವರು ಯಾವತ್ತೋ ಸಿಮ್ ತಗೊಂಡಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಕೂತಿತ್ತು. ಅಂಥದ್ದೊಂದು ಖಾತೆ ಇದೆ ಅಂತ ಅವರಿಗೇ ಗೊತ್ತಿರಲಿಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಎರಡು ನಿಮಿಷದ ಕೆಲಸ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಇದ್ದರೂ ನಿಲ್ಲುತ್ತೆ. ಪಹಣಿಯಲ್ಲಿ "ಬಿನ್" ಹಾಕಿ ಅಪ್ಪನ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್ಲು, ಇದು ನಮ್ಮ ಕಡೆ ಮನೆಮನೆ ಕಥೆ.

ಶುಂಠಿ ಆಲೂರು

ನಿಮ್ಮದೆಲ್ಲಾ ಪಹಣಿ ಇದ್ದವರ ಸಂಕಟ. ನಮ್ಮಂಥವರ ಕಥೆ ಕೇಳಿ. ನಾನು ಎರಡು ಎಕರೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದೆ. ಗುತ್ತಿಗೆ ಹಣ ಮೊದಲೇ ಕೊಟ್ಟಾಗಿತ್ತು. ಬಿತ್ತನೆ ಶುಂಠಿ, ಕೋಳಿಗೊಬ್ಬರ, ಸ್ಪ್ರಿಂಕ್ಲರ್, ಕೂಲಿ ಎಲ್ಲಾ ನನ್ನ ಕೈಯಿಂದ. ಮಳೆ ಬಿಡದೆ ಹೊಡೆದು ಕೊಳೆರೋಗ ಹತ್ತಿತು. ಎಲೆ ಹಳದಿಯಾದ ಮೇಲೆ ಕಿತ್ತು ನೋಡಿದರೆ ಗಡ್ಡೆ ಕೈಯಲ್ಲೇ ಪಿಚಕ್ಕನೆ ಒಡೆದು ವಾಸನೆ. ಪರಿಹಾರ ಬಂತು, ಜಮೀನಿನ ಯಜಮಾನರ ಖಾತೆಗೆ. ಅವರು ಇರೋದು ಬೆಂಗಳೂರಲ್ಲಿ, ಶುಂಠಿ ಹೊಲದ ಮುಖ ನೋಡಿಲ್ಲ. ಕೇಳಿದರೆ "ಸರ್ಕಾರ ನನ್ನ ಹೆಸರಿಗೆ ಕೊಟ್ಟಿದೆ" ಅಂತಾರೆ. ಇದು ಯಾವ ನ್ಯಾಯ ಮಾರಾಯ್ರೆ?

ಮೂರೆಕರೆ ಮಾಲೀಕ

ಶುಂಠಿ ಅಣ್ಣ, ನಾನೂ ಜಮೀನು ಗುತ್ತಿಗೆಗೆ ಕೊಡುವವನೇ. ಒಂದು ಮಾತು ಹೇಳುತ್ತೇನೆ, ಬೈಯಬೇಡಿ. ಶುಂಠಿ ಹಾಕಿ ಹೋದ ಮೇಲೆ ಆ ಮಣ್ಣಿಗೆ ಮತ್ತೆ ಜೀವ ಬರಿಸೋ ಖರ್ಚು ನಮ್ಮದು. ಶುಂಠಿ ರೇಟು ಏರಿದ ವರ್ಷ ಗುತ್ತಿಗೆದಾರರು ಬಂದು "ತಗೊಳ್ಳಿ ಇನ್ನೊಂದಿಷ್ಟು" ಅಂತ ಕೊಟ್ಟಿದ್ದು ನಾನಂತೂ ನೋಡಿಲ್ಲ. ನಷ್ಟಕ್ಕೆ ಮಾತ್ರ ಪಾಲು ಅಂದರೆ ಹೇಗೆ?

ಹಳೇ ವಿಎ

ಮಾಲೀಕರೇ, ನಿಮ್ಮ ಮಣ್ಣಿನ ಮಾತು ಒಪ್ಪಿದೆ, ಅದಕ್ಕೆ ಗುತ್ತಿಗೆ ರೇಟು ಜಾಸ್ತಿ ಕೇಳಿ. ಆದರೆ ಈ ಹಣ ಜಮೀನಿಗೆ ಕೊಡುವ ಬಾಡಿಗೆ ಅಲ್ಲ. ನಿಯಮದಲ್ಲಿ ಇದಕ್ಕೆ ಇನ್‌ಪುಟ್ ಸಬ್ಸಿಡಿ ಅಂತಲೇ ಹೆಸರು. ಬೀಜ, ಗೊಬ್ಬರಕ್ಕೆ ಹಾಕಿದ್ದರಲ್ಲಿ ಒಂಚೂರು ಕೈಗೆ ಬರಲಿ, ಮುಂದಿನ ಬೆಳೆ ಹಾಕಲಿ ಅಂತ ಕೊಡೋದು. ಹಾಗಾಗಿಯೇ ಮೊತ್ತ ಇಷ್ಟು ಕಡಿಮೆ, ಬೆಳೆಯ ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ಬೀಜ ಗೊಬ್ಬರ ಹಾಕಿದವನು ಬೇರೆ, ಹಣ ತಗೊಂಡವನು ಬೇರೆ ಅಂದರೆ ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಸರ್ವೆಗೆ ಹೋದಾಗ ಹೊಲದಲ್ಲಿ ನಿಂತು ಅಳುತ್ತಿದ್ದವನ ಹೆಸರು ನನ್ನ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಪಹಣಿಯಲ್ಲಿ ಇಲ್ಲದ ಹೆಸರನ್ನು ಹಾಕೋಕೆ ನಮಗೆ ಅಧಿಕಾರ ಇಲ್ಲ.

ಆಲೂರಿನವರೇ, ಬಾಯಿಮಾತಿನ ಗುತ್ತಿಗೆ ಮಾಡಬೇಡಿ. ಕರಾರು ಪತ್ರದಲ್ಲಿ "ಬೆಳೆ ಹಾನಿ ಪರಿಹಾರ ಬಂದರೆ ಬೆಳೆ ಹಾಕಿದವನಿಗೆ ಸೇರತಕ್ಕದ್ದು" ಅಂತ ಒಂದು ಸಾಲು ಬರೆಸಿ. ಅರ್ಧರ್ಧ ಅಂತ ಬರೆದುಕೊಂಡರೂ ಸರಿ, ಅದು ನಿಮ್ಮಿಬ್ಬರ ಒಪ್ಪಂದ. ಸರ್ಕಾರಿ ಕಂಪ್ಯೂಟರ್ ಆ ಕಾಗದ ನೋಡಲ್ಲ, ಆದರೆ ಊರಲ್ಲಿ ನಾಲ್ಕು ಜನರ ಮುಂದೆ ಕೂತಾಗ ಅದಕ್ಕೆ ಬೆಲೆ ಇದೆ.

ಶುಂಠಿ ಆಲೂರು

ಈ ಸಲ ಬರೆಸುತ್ತೇನೆ ಸಾರ್. ಬರೆಸಿದರೆ ಜಮೀನೇ ಕೊಡಲ್ಲ ಅಂತಾರೇನೋ, ನೋಡೋಣ. ಅಂದಹಾಗೆ ಆನೆ ತುಳಿದಿದ್ದಕ್ಕೂ ಇದೇ ಪೋರ್ಟಲ್ಲಾ? ನಮ್ಮ ಕಡೆ ಮಳೆಗಿಂತ ಅದೇ ಜಾಸ್ತಿ.

ಬೇಲೂರು ಕಡೆಯವ

ಅಲ್ಲ, ಅದು ಅರಣ್ಯ ಇಲಾಖೆ. ಅಲ್ಲಿನ ಅರ್ಜಿ ಬೇರೆ, ದರವೂ ಬೇರೆ. ಹಾನಿಯಾದ ತಕ್ಷಣ ಫೋಟೋ ಹೊಡೆದು ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಆನೆ ಲದ್ದಿ, ಹೆಜ್ಜೆ ಗುರುತು ಕಾಣುವ ಹಾಗೆ ಫೋಟೋ ಇರಲಿ, ಮಳೆ ಬಂದರೆ ಗುರುತು ಅಳಿಸಿ ಹೋಗುತ್ತೆ.

ಕಳಸ ಅಡಿಕೆ

ತಡವಾಗಿ ನೋಡಿದೆ. ಎಲ್ಲರೂ ಪರಿಹಾರ ಪರಿಹಾರ ಅಂತಿದ್ದೀರಿ, ವಿಮೆ ಬಗ್ಗೆ ಒಬ್ಬರೂ ಬರೆದಿಲ್ಲ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. 2025ರಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ವಿಮಾ ಮೊತ್ತ, ರೈತ ಕಟ್ಟೋದು ಶೇ 5, ಅಂದರೆ 6,400. ಮೆಣಸಿಗೆ 47,000, ಕಂತು 2,350. ಎಸ್‌ಡಿಆರ್‌ಎಫ್ ಹಣಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡೂ ಬರಬಹುದು.

ಇದರಲ್ಲಿ ಯಾರೂ ತೋಟಕ್ಕೆ ಬಂದು ನೋಡಲ್ಲ. ಗ್ರಾಮ ಪಂಚಾಯ್ತಿಯ ಮಳೆ ಮಾಪಕ ಏನು ಹೇಳುತ್ತೋ ಅದೇ ಲೆಕ್ಕ. ನಮ್ಮ ಘಟ್ಟದ ಸೆರಗಲ್ಲಿ ಈ ಗುಡ್ಡದಲ್ಲಿ ಸುರಿದರೆ ಆ ಗುಡ್ಡದಲ್ಲಿ ಬಿಸಿಲು. ಮಾಪಕ ಇರೋದು ಪೇಟೆ ಪಕ್ಕ, ಅಡಿಕೆಗೆ ಕೊಳೆರೋಗ ಬಂದಿರೋದು ಒಳಗಿನ ತೋಟಗಳಿಗೆ. ನಮಗೆ ಒಂದು ವರ್ಷ ಚೆನ್ನಾಗಿ ಬಂತು, ಕೊಳೆ ಜಾಸ್ತಿ ಇದ್ದ ಇನ್ನೊಂದು ವರ್ಷ ಕಂತಿನಷ್ಟೂ ಬರಲಿಲ್ಲ. ಕೊಳೆ ತಡೆಯೋ ಬೋರ್ಡೋ ದ್ರಾವಣ ಹೊಡೆಯೋಕೆ ಎರಡು ದಿನ ಬಿಡುವು ಕೊಡದ ಮಳೆಗೆ ಏನು ಹೇಳೋದು. ಆದರೂ ಕಟ್ಟುತ್ತೇನೆ. ಕೊನೇ ದಿನಾಂಕ ನೋಡಿಕೊಳ್ಳಿ, ಅದು ದಾಟಿದರೆ ಮುಗಿಯಿತು. ಬೆಳೆಸಾಲ ಇದ್ದರೆ ಬ್ಯಾಂಕಿನವರು ಕಂತು ಮುರಿದುಕೊಂಡಿರಬಹುದು, ಪಾಸ್‌ಬುಕ್ ನೋಡಿ. ಸಮೀಕ್ಷೆಯಲ್ಲಿ ಅಡಿಕೆ ಇಲ್ಲದಿದ್ದರೆ ಇಲ್ಲೂ ಕಗ್ಗಂಟು, ಹಾಗಾಗಿ ಬೇಲೂರಿನವರು ಹೇಳಿದ ಮಿಶ್ರಬೆಳೆ ವಿಷಯ ಮರೆಯಬೇಡಿ.

ನಮ್ಮ ಮೇಲಿನ ತುಂಡು ಒತ್ತುವರಿ ಜಾಗ, ಪಹಣಿ ಇಲ್ಲ. ಅದಕ್ಕೆ ಪರಿಹಾರವೂ ಇಲ್ಲ, ವಿಮೆಯೂ ಇಲ್ಲ. ಮಲೆನಾಡಲ್ಲಿ ಇಂಥ ಜಾಗ ಎಷ್ಟಿದೆ ಅಂತ ನಿಮಗೇ ಗೊತ್ತು. ಆ ವಿಷಯ ತೆಗೆದರೆ ಈ ಚರ್ಚೆ ಮುಗಿಯಲ್ಲ, ಬಿಡಿ.

ಅರಸೀಕೆರೆ ತೆಂಗು

ಬ್ಯಾಂಕ್ ಅಂದಾಗ ನೆನಪಾಯಿತು. 2024ರಲ್ಲಿ ಬರದ ಹಣ ಬಂದಾಗ ಕೆಲವು ಬ್ಯಾಂಕಿನವರು ಸಾಲಕ್ಕೆ ಮುರಿದುಕೊಂಡು ದೊಡ್ಡ ಗಲಾಟೆ ಆಯಿತು. ಹಾಗೆ ಮಾಡಬಾರದು ಅಂತ ಸರ್ಕಾರದ ಸೂಚನೆ ಇದೆ. ಯಾರಿಗಾದರೂ ಹಾಗೆ ಆದರೆ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿ ತಹಶೀಲ್ದಾರರಿಗೆ. ಬಾಯಲ್ಲಿ ಜಗಳ ಆಡಿದರೆ "ನಾಳೆ ಬನ್ನಿ" ಅಷ್ಟೆ.

ಒಂದು ಪ್ರಶ್ನೆ ವಿಎ ಸಾರ್‌ಗೆ. 2021ರ ಡಿಸೆಂಬರ್‌ನಲ್ಲಿ ಮಳೆಯಾಶ್ರಿತಕ್ಕೆ 6,800 ಇದ್ದಿದ್ದನ್ನು ರಾಜ್ಯ ಸರ್ಕಾರ 13,600 ಮಾಡಿತ್ತಲ್ಲ, ತೋಟಕ್ಕೆ 18,000ದಿಂದ 28,000. ಆಮೇಲೆ ಬರಕ್ಕೆ ಕೊಡುವಾಗ 8,500 ಆಯಿತು. ಹೇಗೆ ಇಳಿಯುತ್ತೆ?

ಹಳೇ ವಿಎ

ಇಳಿದಿದ್ದಲ್ಲ. ಕೇಂದ್ರದ ನಿಯಮದ ದರ 6,800ದಿಂದ 8,500ಕ್ಕೆ ಏರಿದೆ. ಅದರ ಮೇಲೆ ರಾಜ್ಯ ತನ್ನ ಜೇಬಿಂದ ಸೇರಿಸೋದು ಆಯಾ ಸಲದ ತೀರ್ಮಾನ, 2021ರಲ್ಲಿ ಸೇರಿಸಿದರು, ಬರಕ್ಕೆ ಸೇರಿಸಲಿಲ್ಲ, 2025ರಲ್ಲಿ ಮತ್ತೆ ಸೇರಿಸಿದರು. ಯಾವ ವರ್ಷ ಬೆಳೆ ಹಾಳಾಗುತ್ತೆ ಅನ್ನೋದರ ಮೇಲೆ ರೈತನ ಅದೃಷ್ಟ. ಇದು ನನಗೂ ಸರಿ ಕಾಣಲ್ಲ.

ತೋಟದ ಹುಡುಗ

ಅಪ್‌ಡೇಟ್. ಗದ್ದೆಯ ಹಣವೂ ನೀರಾವರಿ ಅಂತ ಬರಬೇಕಿತ್ತು ಅಂತ ಅಪ್ಪ ಹೇಳುತ್ತಿದ್ದಾರೆ. ಹಳ್ಳದಿಂದ ಕಾಲುವೆ ತೆಗೆದು ನೀರು ಹಾಯಿಸುತ್ತೇವೆ, ಆದರೆ ಸಮೀಕ್ಷೆಯಲ್ಲಿ ಮಳೆಯಾಶ್ರಿತ ಅಂತಿದೆ. ಅದು ಸದ್ಯಕ್ಕೆ ಇರಲಿ. ಕಾಫಿದು ಮೊದಲು ಸರಿ ಮಾಡಬೇಕು. ಪೌತಿ ಖಾತೆಗೆ, ಅಂದರೆ ತೀರಿಕೊಂಡ ಅಜ್ಜನ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸೋಕೆ, ಅರ್ಜಿ ಹಾಕೋಣ ಅಂದರೆ ಚಿಕ್ಕಪ್ಪ "ಈಗ ಯಾಕೆ ಅವಸರ" ಅಂತಿದ್ದಾರೆ. ಅವರ ತೋಟದ ಕಾಫಿಯೂ ಅದೇ ಪಹಣಿಯಲ್ಲಿದೆ, ಅವರಿಗೂ ಒಂದು ರೂಪಾಯಿ ಬಂದಿಲ್ಲ. ಈ ಲೆಕ್ಕ ತೋರಿಸಿದ ಮೇಲೆ ಸ್ವಲ್ಪ ಮೆತ್ತಗಾಗಿದ್ದಾರೆ. ಈ ಸಲದ ಹಣ ತಡವಾಗಿಯಾದರೂ ಸಿಗುತ್ತಾ ಸಾರ್? ಗದ್ದೆಯಲ್ಲಿ ನಿಂತ ಮರಳಿಗೆ ಏನಾದರೂ ಇದೆಯಾ?

ಹಳೇ ವಿಎ

ಈ ಸಲದ್ದು ಸಿಗುತ್ತೆ ಅಂತ ಭರವಸೆ ಕೊಡಲ್ಲ. ತಹಶೀಲ್ದಾರರಿಗೆ ಅರ್ಜಿ ಬರೆದು ಸ್ವೀಕೃತಿ ತಗೊಂಡಿಡಿ, ಬಿಟ್ಟುಹೋದವರ ಪಟ್ಟಿ ಮತ್ತೆ ತೆಗೆದರೆ ಅದು ಕೆಲಸಕ್ಕೆ ಬರುತ್ತೆ.

ಪೌತಿಗೆ ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಅತ್ತೆಯಂದಿರ ಹೆಸರು ಬಿಡಬೇಡಿ, ಆಮೇಲೆ ತಕರಾರು ಬಂದರೆ ಎಲ್ಲಾ ನಿಲ್ಲುತ್ತೆ. ಈಗ ಇ-ಪೌತಿ ಅಂತ ಆಂದೋಲನ ನಡೀತಿದೆ, ವಿಎ ಅವರೇ ಇದನ್ನು ಮಾಡಿಕೊಡುತ್ತಾರೆ, ಕೇಳಿ. ಮೊದಲು ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಬರುತ್ತೆ. ಚಿಕ್ಕಪ್ಪ ಹೆದರಬೇಕಾಗಿಲ್ಲ, ಅದರಿಂದ ಯಾರ ಪಾಲೂ ಹೋಗಲ್ಲ. ವಿಭಾಗ ಆಮೇಲೆ ನಿಧಾನಕ್ಕೆ ಮಾಡಿಕೊಳ್ಳಿ. ಖಾತೆ ಆದ ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಆ ಸರ್ವೆ ನಂಬರನ್ನು ಎಫ್‌ಐಡಿಗೆ ಸೇರಿಸಿ. ಅದು ತಾನಾಗೇ ಸೇರುತ್ತೆ ಅಂದುಕೊಂಡು ಸುಮ್ನೆ ಕೂತವರನ್ನು ಬಹಳ ನೋಡಿದ್ದೇನೆ.

ಮರಳಿಗೂ ಅದೇ ನಿಯಮದಲ್ಲಿ ಇದೆ. ಮೂರು ಇಂಚಿಗಿಂತ ಜಾಸ್ತಿ ಮರಳು, ಹೂಳು ನಿಂತಿದ್ದರೆ ತೆಗೆಯೋಕೆ ಹೆಕ್ಟೇರಿಗೆ 18,000, ಎರಡು ಹೆಕ್ಟೇರ್ ಒಳಗಿನ ಹಿಡುವಳಿದಾರರಿಗೆ ಮಾತ್ರ. ಗುಡ್ಡ ಜರಿದು ಅಥವಾ ಹೊಳೆ ದಾರಿ ಬದಲಿಸಿ ಜಮೀನೇ ಹೋದರೆ 47,000. ಬೆಳೆ ಹಾನಿ ಸರ್ವೆಯಲ್ಲಿ ಇದನ್ನು ಬೇರೆಯಾಗಿ ಬರೆಸಬೇಕು, ಹೆಚ್ಚಿನವರು ಕೇಳೋದೇ ಇಲ್ಲ. ಮರಳು ಇನ್ನೂ ತೆಗೆದಿಲ್ಲ ತಾನೇ? ಒಂದು ಸ್ಕೇಲ್ ಚುಚ್ಚಿ ಇಂಚು ಕಾಣುವ ಹಾಗೆ ಫೋಟೋ ಹೊಡೆಯಿರಿ, ಆಮೇಲೆ ತೆಗೆಸಿ.

ತೋಟದ ಹುಡುಗ

ತೆಗೆದಿಲ್ಲ ಸಾರ್. ಅಪ್ಪ ಭಾನುವಾರ ಟ್ರ್ಯಾಕ್ಟರ್ ಹೇಳಿದ್ದಾರೆ, ಈಗಲೇ ಫೋನ್ ಮಾಡಿ ನಿಲ್ಲಿಸುತ್ತೇನೆ.